ಬಲಗೈ ಹೆಬ್ಬೆಟ್ಟು, ಹಣೆ, 666: ಪ್ರಕಟನೆ 13ನೇ ಅಧ್ಯಾಯ ಹೇಗೆ ಓದಬೇಕು?

ಬೆಟಗೇರಿ ಝೆರಾಕ್ಸ್

ಎಲ್ಲರಿಗೂ ವಂದನೆ. ಸ್ವಲ್ಪ ಉದ್ದ ಆಗುತ್ತೆ, ಸಿಟ್ಟಾಗಬ್ಯಾಡ್ರಿ.

ಬೆಟಗೇರಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಲ್ಯಾಮಿನೇಶನ್, ಉತಾರ ತೆಗೆಯೋದು, ಆನ್‌ಲೈನ್ ಅರ್ಜಿ ತುಂಬೋದು, ಎಲ್ಲಾ ನಡೆಯುತ್ತೆ. ನಾವು ಮುತ್ತಜ್ಜನ ಕಾಲದಿಂದ ಹಳೇ ಮಿಶನ್ ದೇವಾಲಯಕ್ಕೆ ಹೋಗೋ ಮಂದಿ. ಪ್ರಶ್ನೆ ನಂದಲ್ಲ, ನನ್ನ ಸೋದರತ್ತಿದು. ಈಗ 67 ವಯಸ್ಸು, ಇವತ್ತಿಗೂ ಕೈಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂಡ್ತಾಳೆ.

ಮೂರು ತಿಂಗಳ ಹಿಂದೆ ರೇಶನ್ ಕಾರ್ಡಿನ ಇ-ಕೆವೈಸಿ ಮಾಡಿಸಬೇಕು ಅಂತ ಅವಳನ್ನು ಕರಕೊಂಡು ಹೋದೆ. ನೂಲು ಎಳೆದೆಳೆದು ಅವಳ ಹೆಬ್ಬೆಟ್ಟಿನ ಗೆರೆ ಸವೆದು ನುಣ್ಣಗಾಗಿದೆ. ಬಲಗೈ ಹೆಬ್ಬೆಟ್ಟು ಇಟ್ಟಳು, ಮಶೀನು ಕೆಂಪು. ಸೆರಗಿನಿಂದ ಒರೆಸಿ ಮತ್ತೆ ಇಟ್ಟಳು, ಕೆಂಪು. ಮೂರನೇ ಸಲವೂ ಕೆಂಪೇ. ಅಲ್ಲಿದ್ದ ಹುಡುಗ ಪಾಪ, ಒಳ್ಳೇ ಮನಸ್ಸಿನಿಂದಲೇ, "ಇರ್ಲಿ ಬಿಡ್ರಿ ಆಯಿ, ಕಣ್ಣು ತಗೊಂಡ್ರಾತು" ಅಂತ ಕಣ್ಣಿನ ಸ್ಕ್ಯಾನರ್ ಎತ್ತಿ ಅವಳ ಹಣೆ ಹತ್ತಿರ ಹಿಡಿದ. ಅತ್ತಿ ಧಡಕ್ಕನೆ ಎದ್ದು ಹೊರಗೆ ಬಂದುಬಿಟ್ಟಳು. ಕಟ್ಟಿ ಮೇಲೆ ಕೂತು ನನಗೆ ಹೇಳಿದ್ದು ಇಷ್ಟು: "ಮೊದಲ ಬಲಗೈ ಕೇಳಿದ್ರು. ಬಲಗೈ ಬರಲಿಲ್ಲ ಅಂದಕೂಡ್ಲೇ ಹಣಿಗೇ ಬಂದ್ರು. ವಚನದಾಗ ಹೆಂಗ ಬರದೈತಿ ಹಂಗ ಆತಲ್ಲೋ ತಮ್ಮಾ."

ನನಗೆ ಬಾಯಿ ಕಟ್ಟಿದಂಗಾಯ್ತು. ಸತ್ಯವೇದದ ಕೊನೇ ಪುಸ್ತಕ ಪ್ರಕಟನೆ, ಅದರ 13:16ರಲ್ಲಿ ಹಂಗೇ ಇದೆ: ದೇವರಿಗೆ ಎದುರು ನಿಲ್ಲೋ ಒಂದು ಮೃಗದ ಗುರುತನ್ನು ಎಲ್ಲರಿಗೂ ಹಾಕ್ತಾರೆ, ಬಲಗೈ ಇಲ್ಲವೇ ಹಣೆ. 17ರಲ್ಲಿ, ಆ ಗುರುತು ಇಲ್ಲದವರು ಕೊಳ್ಳೋದಕ್ಕೂ ಮಾರೋದಕ್ಕೂ ಆಗೋದಿಲ್ಲ ಅಂತ ಇದೆ. ಕೆವೈಸಿ ಇಲ್ಲದಿದ್ದರೆ ಅಕ್ಕಿ ಇಲ್ಲ. ಅವಳ ಕಡೆಯಿಂದ ನೋಡಿದರೆ ಒಂದೊಂದು ಪದವೂ ಕೂತುಬಿಟ್ಟಿದೆ.

ಅಂದಿನಿಂದ ರೇಶನ್ ಬಿಟ್ಟಿದ್ದಾಳೆ. ನಾನು ಅಕ್ಕಿ ಒಯ್ದು ಕೊಟ್ಟರೆ ತಗೋತಾಳೆ, ಆದರೆ ಅದರ ದುಡ್ಡನ್ನು ಲೆಕ್ಕ ಮಾಡಿ ನನ್ನ ಜೇಬಿಗೆ ತುರುಕ್ತಾಳೆ.

ಇನ್ನೊಂದು ಹೇಳಬೇಕು. ಅವಳು ಶುಕ್ರವಾರದ ಉಪವಾಸ ಪ್ರಾರ್ಥನೆಗೆ ಹೋಗೋ ಮನೆಕೂಟದಲ್ಲಿ ಫೋನಿನಲ್ಲಿ ಬರೋ ಸಂದೇಶಗಳನ್ನು ಬಹಳ ಕೇಳ್ತಾರೆ. 2025ರ ಸೆಪ್ಟೆಂಬರ್ 23ಕ್ಕೆ ಸಭೆ (ಅಂದರೆ ಕ್ರಿಸ್ತನ ವಿಶ್ವಾಸಿಗಳು) ಸ್ವರ್ಗಕ್ಕೆ ಎತ್ತಲ್ಪಡುತ್ತದೆ ಅಂತ ದಕ್ಷಿಣ ಆಫ್ರಿಕಾದ ಒಬ್ಬ ಬೋಧಕರು ಹೇಳಿದ ವಿಡಿಯೋ ಎಲ್ಲಾ ಕಡೆ ಓಡಾಡಿತಲ್ಲ, ಅದು ಅಲ್ಲಿಗೂ ಬಂತು. 22ಕ್ಕೆ ಊರಲ್ಲಿ ಘಟ ಹಾಕಿದರು. 23ರ ಬೆಳಿಗ್ಗೆ ಅತ್ತಿ ಮಗ್ಗ ಒರೆಸಿ, ಬಿಳಿ ಸೀರೆ ಉಟ್ಟು, ತನ್ನ ಮೂರು ಕೋಳಿಗಳನ್ನು ಪಕ್ಕದ ಮನೆಗೆ ಕೊಟ್ಟು ಬಂದು ಕೂತಳು. ರಾತ್ರಿ ಆಯ್ತು, ಮರುದಿನವೂ ಆಯ್ತು. 25ಕ್ಕೆ ನನ್ನ ಅಂಗಡಿಗೆ ಬಂದು ತಲೆ ತಗ್ಗಿಸಿ, "ಕೋಳಿ ಕೇಳಾಕ ನನಗ ನಾಚಿಕಿ ಆಗ್ತೈತಿ, ನೀ ಹೋಗಿ ಇಸ್ಕೊಂಡ್ ಬಾ" ಅಂದಳು. ನವರಾತ್ರಿ ಅಂತ ಆ ಮನೆಯಲ್ಲಿ ಕೊಯ್ಯೋದಿಲ್ಲ, ಹಂಗಾಗಿ ಮೂರೂ ಉಳಿದಿದ್ದವು.

ಆ ದಿನಾಂಕ ಸುಳ್ಳಾದರೂ ಗುರುತಿನ ಭಯ ಮಾತ್ರ ಹೋಗಿಲ್ಲ. ನಾನೂ ವಿಶ್ವಾಸಿಯೇ. ಅವಳನ್ನು ಮೂಢಳು ಅಂತ ಬೈಯುವವರು ದಯವಿಟ್ಟು ಬರೀಬೇಡಿ. ನನಗೆ ಬೇಕಾದದ್ದು ಇಷ್ಟು: ಈ ಅಧ್ಯಾಯವನ್ನು ಸರಿಯಾಗಿ ಓದೋದು ಹೇಗೆ? ಆ ಗುರುತು ಅಂದರೆ ಏನು? 18ರಲ್ಲಿ ಮೃಗದ ಸಂಖ್ಯೆ 666 ಅಂತ ಇದೆಯಲ್ಲ, ಅದು ಯಾರ ಲೆಕ್ಕ? ಅವಳಿಗೆ ಗೌರವದಿಂದ ಹೇಳುವಂಥದ್ದು ಏನಾದರೂ ಇದೆಯಾ?

ಕಾವಲುಗಾರ

ಕರ್ತನ ನಾಮದಲ್ಲಿ ವಂದನೆ ಬ್ರದರ್. ನಿಮ್ಮ ಅತ್ತೆಯವರು ಎಚ್ಚರವಾಗಿದ್ದಾರೆ, ಅದಕ್ಕೆ ಸ್ತೋತ್ರ. ಇಸ್ರೇಲ್ 1948ರಲ್ಲಿ ಮತ್ತೆ ರಾಷ್ಟ್ರವಾಯಿತು, ಅಂತ್ಯಕಾಲದ ಸೂಚನೆಯೆಂದು ಯೇಸು ಹೇಳಿದ ಅಂಜೂರದ ಮರ ಚಿಗುರಿತು. ನಗದು ಹೋಗಿ ಎಲ್ಲವೂ ನಂಬರಿನ ಮೇಲೆ ನಡೆಯುತ್ತಿದೆ. ಕಣ್ಣಿದ್ದವರಿಗೆ ಇದು ತಯಾರಿ ಎಂದು ಕಾಣುತ್ತದೆ.

ಆದರೆ ತಯಾರಿ ಬೇರೆ, ಗುರುತು ಬೇರೆ. ನಮ್ಮ ಬೋಧನೆಯ ಪ್ರಕಾರ ಮೊದಲು ಸಭೆ ಎತ್ತಲ್ಪಡುತ್ತದೆ. ಆಮೇಲೆ ಹಳೆಯ ಒಡಂಬಡಿಕೆಯ ಪ್ರವಾದಿ ದಾನಿಯೇಲನು ಹೇಳಿದ ಎಪ್ಪತ್ತನೆಯ ವಾರ, ಅಂದರೆ ಏಳು ವರ್ಷ. ಅದರಲ್ಲಿ ಮೃಗಕ್ಕೆ ಅಧಿಕಾರ ಸಿಗುವುದು ನಲವತ್ತೆರಡು ತಿಂಗಳು. ಗುರುತು ಬರುವುದು ಆಗ. ಕರ್ತನ ಮಕ್ಕಳು ಆಗ ಇಲ್ಲಿ ಇರುವುದೇ ಇಲ್ಲ. ಮತ್ತೆ, ಗುರುತು ಮೋಸದಿಂದ ಹತ್ತುವಂಥದ್ದಲ್ಲ. 14:9 ನೋಡಿ, ಮೃಗಕ್ಕೆ ನಮಸ್ಕಾರ ಮಾಡಿ ಗುರುತು ಹಾಕಿಸಿಕೊಳ್ಳುವವರು ಎಂದಿದೆ. ಆರಾಧನೆ ಇಲ್ಲದೆ ಗುರುತಿಲ್ಲ. ರೇಶನ್ ಅಂಗಡಿಯಲ್ಲಿ ಯಾರೂ ಯಾರಿಗೂ ಅಡ್ಡಬೀಳಲು ಹೇಳಲಿಲ್ಲವಲ್ಲ? ಧೈರ್ಯವಾಗಿ ಅಕ್ಕಿ ತೆಗೆದುಕೊಳ್ಳಲು ಹೇಳಿ.

ದಿನಾಂಕ ಹೇಳುವವರನ್ನು ಮಾತ್ರ ಕೇಳಬೇಡಿ. ಆ ದಿನವಾಗಲಿ ಗಳಿಗೆಯಾಗಲಿ ಯಾರಿಗೂ ಗೊತ್ತಿಲ್ಲ ಎಂದು ಮತ್ತಾಯ 24:36 ಸಾಕು.

ಬಿಲ್ಲಿಂಗ್ ಕೌಂಟರ್

ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಸೂಪರ್ ಮಾರ್ಕೆಟ್‌ನಲ್ಲಿ ಹನ್ನೊಂದು ವರ್ಷದಿಂದ ಬೀಪ್ ಬೀಪ್ ಅನ್ನಿಸೋ ಕೆಲಸ ನಂದು. ಬಾರ್‌ಕೋಡ್‌ನಲ್ಲೂ 666 ಇದೆ ಅಂತ ನಮ್ಮ ಸಭೆಯ ಹಿರಿಯರೊಬ್ಬರು ಹೇಳಿ, ಕೆಲಸ ಬಿಡು ಅಂದಿದ್ದರು. ನಾನು ಕೂತು ನೋಡಿದೆ. ಶುರುವಲ್ಲಿ, ನಡುವೆ, ಕೊನೆಯಲ್ಲಿ ಸ್ವಲ್ಪ ಉದ್ದದ ಎರಡೆರಡು ತೆಳು ಗೆರೆ ಇರುತ್ತೆ. ಬಲಭಾಗದಲ್ಲಿ 6 ಅಂಕಿ ಬರೆಯೋದೂ ಎರಡು ತೆಳು ಗೆರೆಯಿಂದಲೇ, ಅದಕ್ಕೇ ಆ ಮಾತು ಹುಟ್ಟಿದ್ದು. ಆದರೆ 6 ಅಂದರೆ ಎರಡು ಗೆರೆ ಜೊತೆಗೆ ಅಗಲವಾದ ಬಿಳಿ ಜಾಗವೂ ಸೇರಿ ಏಳು ಮನೆ. ಉದ್ದ ಗೆರೆಗೆ ಅಷ್ಟು ಜಾಗವೇ ಇಲ್ಲ. ಅದು ಅಂಕಿಯೇ ಅಲ್ಲ, ಇಲ್ಲಿಂದ ಇಲ್ಲಿವರೆಗೆ ಓದು ಅಂತ ಮಶೀನಿಗೆ ಹೇಳೋ ಬೇಲಿ.

ಮೊದಲ ಬಾರ್‌ಕೋಡ್ ಬೀಪ್ ಆಗಿದ್ದು 1974ರ ಜೂನ್ 26, ಅಮೆರಿಕದ ಒಹಾಯೋದ ಟ್ರಾಯ್ ಅನ್ನೋ ಊರಲ್ಲಿ, ಒಂದು ಚೂಯಿಂಗ್ ಗಮ್ ಪ್ಯಾಕೆಟ್ಟಿಗೆ. ಐವತ್ತು ವರ್ಷ ದಾಟಿತು. ಆ ಹಿರಿಯರು ಈಗ ನಮ್ಮ ಕೌಂಟರಿಗೇ ಬರ್ತಾರೆ.

ಬಲ್ಮಠದ ಟೀಚರ್

ಝೆರಾಕ್ಸಿನವರೇ, ನಿಮ್ಮ ಅತ್ತೆಯನ್ನು ಒಮ್ಮೆ ನೋಡಬೇಕು ಅಂತ ಆಯಿತು ಮಾರಾಯ್ರೆ. ಮೂವತ್ತು ವರ್ಷ ಸಂಡೇ ಸ್ಕೂಲಿನಲ್ಲಿ ಕಲಿಸಿದ್ದೇನೆ. ವಚನವನ್ನು ಇಷ್ಟು ಗಮನವಿಟ್ಟು ಓದಿ, ಮೈಮೇಲೆ ತಂದುಕೊಂಡವರು ನನಗೆ ಬೆರಳೆಣಿಕೆಯಷ್ಟು ಸಿಕ್ಕಿದ್ದಾರೆ. ಹಾಗಾಗಿ "ನೀನು ಓದಿದ್ದು ತಪ್ಪು" ಎಂದು ಶುರು ಮಾಡಬೇಡಿ. ಇನ್ನೊಂದೇ ವಚನ ಮುಂದೆ ಓದಿಸಿ.

13ನೇ ಅಧ್ಯಾಯ 18ಕ್ಕೆ ಮುಗಿಯುತ್ತದೆ. ನಾವು ಪುಸ್ತಕ ಮುಚ್ಚುತ್ತೇವೆ. ಆದರೆ ಅಧ್ಯಾಯದ ಗೆರೆ ಪ್ರಕಟನೆ ಬರೆದ ಯೋಹಾನ ಎಳೆದದ್ದಲ್ಲ, ಅದು 13ನೇ ಶತಮಾನದಲ್ಲಿ ಬಂದ ಏರ್ಪಾಡು. ಅವನು ನಿಲ್ಲಿಸದೆ ಮುಂದಕ್ಕೆ ಹೇಳುತ್ತಾನೆ: ಚೀಯೋನ್ ಪರ್ವತದ ಮೇಲೆ ಯಜ್ಞದ ಕುರಿಯಾದಾತನು, ಅಂದರೆ ಕ್ರಿಸ್ತನು, ನಿಂತಿದ್ದಾನೆ, ಅವನ ಜೊತೆಯಲ್ಲಿ ಲಕ್ಷದ ನಲವತ್ತನಾಲ್ಕು ಸಾವಿರ ಜನ, ಅವರ ಹಣೆಯ ಮೇಲೆ ಆತನ ಹೆಸರು ಮತ್ತು ಆತನ ತಂದೆಯ ಹೆಸರು. ಮೃಗದ ಗುರುತಿನ ಹಣೆ, ಕುರಿಯ ಹೆಸರಿನ ಹಣೆ, ಎರಡೂ ಒಂದರ ಬೆನ್ನಿಗೆ ಒಂದು. 7ನೇ ಅಧ್ಯಾಯದಲ್ಲೂ ದೇವರ ದಾಸರ ಹಣೆಗೆ ಮುದ್ರೆ ಒತ್ತುವುದು ಬರುತ್ತದೆ. ಆ ಹೆಸರನ್ನು ಯಾರೂ ಹಚ್ಚೆ ಹಾಕಿಸಿಕೊಂಡು ತಿರುಗುವುದಿಲ್ಲ, ಅದನ್ನು ನಾವೆಲ್ಲ ಒಳಗಿನ ಮಾತು ಎಂದೇ ಓದುತ್ತೇವೆ. ಹಾಗಾದರೆ ಮೇಲಿನ ವಚನದ ಹಣೆ ಮಾತ್ರ ಚರ್ಮ, ಕೆಳಗಿನ ವಚನದ ಹಣೆ ಮಾತ್ರ ಆತ್ಮ ಅಂತ ಹೇಗೆ ಹೇಳುವುದು?

ಯೋಹಾನನ ಕಿವಿಯಲ್ಲಿ ಹಳೆಯ ಒಡಂಬಡಿಕೆ ಯಾವಾಗಲೂ ಮೊಳಗುತ್ತಿರುತ್ತದೆ. ಯೆಹೆಜ್ಕೇಲ 9ರಲ್ಲಿ ಊರಿನ ಅಸಹ್ಯಗಳಿಗಾಗಿ ನಿಟ್ಟುಸಿರಿಡುವವರ ಹಣೆಗೆ ಗುರುತು ಹಾಕುತ್ತಾರೆ, ಅದು ಉಳಿಸುವ ಗುರುತು. ಧರ್ಮೋಪದೇಶಕಾಂಡ 6:8ರಲ್ಲಿ ದೇವರ ಮಾತನ್ನು ಕೈಗೆ ಕಟ್ಟಿಕೋ, ಹಣೆಗೆ ಕಟ್ಟಿಕೋ ಎಂದಿದೆ. ಕೈ ಅಂದರೆ ಮಾಡುವುದು, ಹಣೆ ಅಂದರೆ ನೆನೆಯುವುದು. ಯೆಹೂದ್ಯರು ಇದನ್ನು ಇವತ್ತಿಗೂ ಅಕ್ಷರಶಃ ಪಾಲಿಸುತ್ತಾರೆ, ವಚನ ಬರೆದಿಟ್ಟ ಪುಟ್ಟ ಚರ್ಮದ ಪೆಟ್ಟಿಗೆ ಕಟ್ಟಿಕೊಂಡು ಪ್ರಾರ್ಥಿಸುತ್ತಾರೆ. ಅವರು ಕಟ್ಟುವುದು ಸಾಮಾನ್ಯವಾಗಿ ಎಡಗೈಗೆ. ಮೃಗ ಬಲಗೈ ಕೇಳುತ್ತದೆ. ದೇವರಿಗೆ ಸೇರಿದ್ದನ್ನು ನಕಲು ಮಾಡಿ ಅಣಕಿಸುವ ಚಾಳಿ ಆ ಮೃಗದ್ದು.

ಇನ್ನು 666. ನಿಮ್ಮ ಮನೆಯಲ್ಲಿ ಸಂಗೀತ ಕಲಿತವರಿದ್ದರೆ ಇದು ಸುಲಭ. ಅಕ್ಷರಕ್ಕೊಂದು ಅಂಕಿ ಕೊಡುವ ಕಟಪಯಾದಿ ಗೊತ್ತಲ್ಲ? "ಮಾಯಾಮಾಳವಗೌಳ" ಅನ್ನುವ ಹೆಸರಿನ ಮೊದಲ ಎರಡು ಅಕ್ಷರ ಹಿಡಿಯಿರಿ. ಮ ಅಂದರೆ 5, ಯ ಅಂದರೆ 1, ತಿರುಗಿಸಿ ಓದಿದರೆ 15, ಅದೇ ಮೇಳಕರ್ತ ರಾಗಗಳ ಪಟ್ಟಿಯಲ್ಲಿ ಅದರ ಸ್ಥಾನ. ಹೀಬ್ರೂ, ಗ್ರೀಕಿನಲ್ಲಂತೂ ಅಕ್ಷರವನ್ನೇ ಅಂಕಿಯಾಗಿ ಬಳಸುತ್ತಿದ್ದರು. ಅಂದಮೇಲೆ ಪ್ರತಿಯೊಬ್ಬರ ಹೆಸರಿಗೂ ಒಂದು ಮೊತ್ತ. ಪೊಂಪೇಯಿ ಊರಿನ ಗೋಡೆಯ ಮೇಲೆ ಯಾರೋ ಹುಡುಗ ಗೀಚಿದ್ದು ಸಿಕ್ಕಿದೆ, 545 ಯಾರ ಸಂಖ್ಯೆಯೋ ಅವಳನ್ನು ನಾನು ಪ್ರೀತಿಸುತ್ತೇನೆ ಅಂತ. ಅವಳಿಗೆ ಗೊತ್ತಾದರೆ ಸಾಕು, ಅವಳ ಅಪ್ಪನಿಗೆ ಗೊತ್ತಾಗಬಾರದು! ಯೋಹಾನ ಮಾಡಿದ್ದೂ ಇಂಥದೇ ಕೆಲಸ ಎಂದು ನನ್ನ ಎಣಿಕೆ. ಅವನಿದ್ದ ಪತ್ಮೋಸ್ ದ್ವೀಪದಿಂದ ಈಗಿನ ಟರ್ಕಿಯ ಏಳು ಸಭೆಗಳಿಗೆ ಪತ್ರ ಹೋಗಬೇಕು, ದಾರಿಯಲ್ಲಿ ರೋಮಿನ ಕೈಗೆ ಸಿಕ್ಕಿದರೂ ಹೆಸರು ಕಾಣಬಾರದು. ಬುದ್ಧಿಯಿದ್ದವನು ಎಣಿಸಲಿ, ಅದು ಒಬ್ಬ ಮನುಷ್ಯನ ಸಂಖ್ಯೆ ಎನ್ನುತ್ತಾನೆ. ಎಣಿಸಿ ಅಂದದ್ದು ಆಗಿನ ಓದುಗರಿಗೆ. ಅವರಿಂದ ಎಣಿಸಲು ಆಗದ ಲೆಕ್ಕವನ್ನು ಅವರ ಮುಂದೆ ಇಟ್ಟಿರುತ್ತಾನೆಯೇ?

ರೋಮಿನ ಚಕ್ರವರ್ತಿ "ನೀರೋ ಕೈಸರ" ಎಂಬ ಹೆಸರನ್ನು ಹೀಬ್ರೂ ಅಕ್ಷರದಲ್ಲಿ "ನೆರೋನ್ ಕೆಸರ್" ಎಂದು ಬರೆಯಿರಿ. ನೂನ್ 50, ರೇಶ್ 200, ವಾವ್ 6, ನೂನ್ 50, ಸೇರಿ 306. ಕೋಫ್ 100, ಸಾಮೆಖ್ 60, ರೇಶ್ 200, ಸೇರಿ 360. ಕೂಡಿಸಿ ನೋಡಿ. ಇದು ಈಗಿನವರು ಬೇಕೆಂದೇ ತಿರುಚಿದ ಕಾಗುಣಿತ ಅಂತ ಅನುಮಾನ ಬರಬಹುದು, ನನಗೂ ಬಂದಿತ್ತು. ಮೃತ ಸಮುದ್ರದ ಹತ್ತಿರ ಮುರಬ್ಬಾತ್ ಕಣಿವೆಯ ಗುಹೆಯಲ್ಲಿ ಒಂದು ಅರಾಮಿಕ್ ಸಾಲಪತ್ರ ಸಿಕ್ಕಿದೆ. ನೀರೋನ ಆಳ್ವಿಕೆಯ 2ನೇ ವರ್ಷದ್ದು, ಅದರಲ್ಲಿ ಇದೇ ಕಾಗುಣಿತ. ಇನ್ನೊಂದು ಸ್ವಾರಸ್ಯ: ಕೆಲವು ಹಳೆಯ ಪ್ರತಿಗಳಲ್ಲಿ 666 ಇಲ್ಲ, 616 ಇದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ ಪಪೈರಸ್ ತುಂಡಿನಲ್ಲೂ ಹಾಗೆಯೇ. ಲ್ಯಾಟಿನ್ ರೀತಿಯಲ್ಲಿ ಕೊನೆಯ "ನ್" ಬಿಟ್ಟು "ನೆರೋ" ಎಂದರೆ 50 ಕಡಿಮೆಯಾಗುತ್ತದೆ. ಎರಡು ಸಂಖ್ಯೆಗೂ ಒಂದೇ ಹೆಸರು ಹೊಂದುತ್ತದೆ.

ಕೊಳ್ಳುವುದು, ಮಾರುವುದರ ಬಗ್ಗೆ ಹೇಳುವೆ, ಇದು ನಿಮ್ಮ ಅತ್ತೆಗೆ ಹತ್ತಿರದ ವಿಷಯ. "ಗುರುತು" ಎಂದು ನಾವು ಓದುವ ಗ್ರೀಕ್ ಪದ ಖಾರಗ್ಮಾ. ನಾಣ್ಯದ ಮೇಲಿನ ಅಚ್ಚಿಗೆ, ದನದ ಮೈಮೇಲಿನ ಬರೆಗೆ, ಚಕ್ರವರ್ತಿಯ ಹೆಸರಿನ ಮುದ್ರೆಗೆ, ಎಲ್ಲಕ್ಕೂ ಅದೇ ಪದ. ಏಳು ಸಭೆಗಳಲ್ಲಿ ಒಂದು ಥುವತೈರ, ಈಗಿನ ಟರ್ಕಿಯ ಅಖಿಸಾರ್. ಅಪೊಸ್ತಲರ ಕೃತ್ಯಗಳಲ್ಲಿ ಬರುವ ಧೂಮ್ರವರ್ಣದ ವಸ್ತ್ರ ಮಾರುವ ಲುದ್ಯಳ ಊರು. ಅಲ್ಲಿನ ಶಾಸನಗಳಲ್ಲಿ ಉಣ್ಣೆ ಕೆಲಸದವರ, ನಾರುಬಟ್ಟೆಯವರ, ಬಣ್ಣ ಹಾಕುವವರ, ಚರ್ಮ ಹದ ಮಾಡುವವರ, ಕಂಚುಗಾರರ ಸಂಘಗಳು ಸಾಲುಸಾಲು. ಸಂಘದ ಊಟ ಅಂದರೆ ದೇವತೆಗೆ ಅರ್ಪಿಸಿದ ಮಾಂಸ. ಊಟಕ್ಕೆ ಕೂರದ ನೇಕಾರನಿಗೆ ಸಂಘದಲ್ಲಿ ಏನು ಬೆಲೆ ಉಳಿದೀತು? ಹತ್ತಿರದ ಪೆರ್ಗಮದಲ್ಲಿ ಕ್ರಿ.ಪೂ. 29ರಲ್ಲೇ ಚಕ್ರವರ್ತಿ ಅಗಸ್ಟಸನಿಗೂ ರೋಮ ದೇವತೆಗೂ ಗುಡಿ ಕಟ್ಟಲು ಅನುಮತಿ ಸಿಕ್ಕಿತ್ತು. ವ್ಯಾಪಾರ ಬೇಕಾದರೆ ಕೈಸರನಿಗೆ ಒಂದು ಚಿಟಿಕೆ ಧೂಪ, ಅಷ್ಟೇ ಅಲ್ಲವೇ ಎನ್ನುವ ಒತ್ತಡ. ಅಂಥ ನೇಕಾರರಿಗೆ, ಬಣ್ಣಗಾರರಿಗೆ ಬಂದ ಕಾಗದ ಇದು.

ದಾನಿಯೇಲನಿಗೆ ಗ್ರಂಥವನ್ನು ಮುದ್ರಿಸಿ ಮುಚ್ಚಿಡು ಎಂದು ಅಪ್ಪಣೆಯಾಯಿತು (12:4). ಯೋಹಾನನಿಗೆ ಆದದ್ದು ತದ್ವಿರುದ್ಧ, ಮುದ್ರೆ ಹಾಕಬೇಡ, ಸಮಯ ಹತ್ತಿರ (22:10). ಪ್ರಕಟನೆಯನ್ನು ಬರೀ ನಮ್ಮ ಕಾಲದ ಪೇಪರಿನಂತೆ ಓದುವವರು ಈ ಒಂದು ವ್ಯತ್ಯಾಸವನ್ನು ದಾಟಿಹೋಗುತ್ತಾರೆ.

ಗ್ರೀಕಿನಲ್ಲಿ ಎರಡು ಸಲ ಫೇಲ್

ಟೀಚರ್, ನಮಸ್ಕಾರ. ನಾನು ಬೆಂಗಳೂರಿನಲ್ಲಿ ದೇವಶಾಸ್ತ್ರ ಓದ್ತಾ ಇದೀನಿ, ಹೆಸರಲ್ಲೇ ನನ್ನ ಯೋಗ್ಯತೆ ಇದೆ. ಒಂದು ತಕರಾರು.

ನೀರೋ ಲೆಕ್ಕ ಚೆನ್ನಾಗಿ ಕೂಡುತ್ತೆ, ಒಪ್ತೀನಿ. ಆದರೆ ಐರೇನಿಯಸ್ ಅಂತ ಒಬ್ಬ ಬಿಷಪ್ ಸುಮಾರು 180ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಅವರು ಚಿಕ್ಕಂದಿನಲ್ಲಿ ಸ್ಮುರ್ನದಲ್ಲಿ ಅಲ್ಲಿನ ಬಿಷಪ್ ಪಾಲಿಕಾರ್ಪರ ಮಾತು ಕೇಳಿ ಬೆಳೆದವರು, ಸ್ಮುರ್ನ ಆ ಏಳು ಸಭೆಗಳಲ್ಲೇ ಒಂದು. ಕೆಲವು ಪ್ರತಿಗಳಲ್ಲಿ 616 ಇದೆ ಅಂತ ಅವರಿಗೂ ಗೊತ್ತಿತ್ತು, ತಪ್ಪು ಅಂತ ತಳ್ಳಿಹಾಕಿದರು. 666ಕ್ಕೆ ಯುವಾಂಥಸ್, ಲ್ಯಾಟೀನೋಸ್, ಟೈಟಾನ್ ಅಂತ ಮೂರು ಹೆಸರು ಕೂಡಿಸಿ ತೋರಿಸಿದರು. ಆದರೆ ನೀರೋ ಹೆಸರನ್ನೇ ಎತ್ತೋದಿಲ್ಲ. ಓದುಗರು ಎಣಿಸಿಬಿಟ್ಟಿದ್ದರು ಅನ್ನೋದಾದರೆ ನೂರು ವರ್ಷದೊಳಗೆ ಆ ಊರಿನವರಿಗೇ ಮರೆತುಹೋಯ್ತಾ? ಅದೂ ಅಲ್ಲದೆ, ಯೋಹಾನನಿಗೆ ದರ್ಶನ ಆಗಿದ್ದು ರೋಮಿನ ಚಕ್ರವರ್ತಿ ಡೊಮಿಷಿಯನ್ ಆಳ್ವಿಕೆಯ ಕೊನೆಗೆ ಅಂತಾರೆ, ಅಂದರೆ 96ರ ಸುಮಾರು. ನೀರೋ ಸತ್ತಿದ್ದು 68ರಲ್ಲಿ.

ಐರೇನಿಯಸ್ ಇನ್ನೂ ಒಂದು ಮಾತು ಹೇಳ್ತಾರೆ: ಹೆಸರು ಊಹಿಸೋದಕ್ಕಿಂತ ನೆರವೇರುವ ತನಕ ಕಾಯೋದು ಕ್ಷೇಮ, ಯಾಕಂದರೆ ಈಗಲೇ ಗೊತ್ತಾಗಬೇಕಿದ್ದರೆ ದರ್ಶನ ಕಂಡವನೇ ಹೇಳಿಬಿಡ್ತಿದ್ದ. ಅಲ್ಲದೆ ಮೃಗದ ಮೈಯನ್ನೇ ನೋಡಿ, ಚಿರತೆ, ಕರಡಿ ಕಾಲು, ಸಿಂಹದ ಬಾಯಿ, ಹತ್ತು ಕೊಂಬು. ದಾನಿಯೇಲ 7ರ ನಾಲ್ಕೂ ಮೃಗಗಳನ್ನು ಒಂದೇ ಚರ್ಮದೊಳಗೆ ಹೊಲಿದಂಗಿದೆ. ಅದು ಒಬ್ಬ ರಾಜ ಮಾತ್ರ ಅಲ್ಲ ಅಂತ ನನ್ನ ಅನಿಸಿಕೆ. ದೇವರ ಜಾಗದಲ್ಲಿ ಕೂರೋ ಪ್ರತಿ ಸಾಮ್ರಾಜ್ಯಕ್ಕೂ ಹೊಂದುತ್ತೆ.

ಅಂದಹಾಗೆ ಅತ್ತೆಯವರಿಗೆ ಅನ್ನಿಸಿದ್ದು ಅವರೊಬ್ಬರಿಗೇ ಅಲ್ಲ. 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಆಧಾರ್ ವಿಚಾರಣೆ ನಡೆದಾಗ ಒಬ್ಬ ಕ್ರೈಸ್ತರ ಪರವಾಗಿ ಇದೇ ಮೃಗದ ಗುರುತಿನ ವಾದವನ್ನೂ ಮಂಡಿಸಿದ್ದರು.

ಬಲ್ಮಠದ ಟೀಚರ್

ಎರಡು ಸಲ ಫೇಲಾದವರು ಮೂರನೇ ಸಲ ಪಾಸಾಗುತ್ತೀರಿ, ಬರೆದಿಟ್ಟುಕೊಳ್ಳಿ. ಐರೇನಿಯಸ್ ಮೌನ ನನಗೂ ಚುಚ್ಚುವ ಮುಳ್ಳೇ. ನೀರೋ ಸಾಯಲಿಲ್ಲ, ಮತ್ತೆ ಬರುತ್ತಾನೆ ಎಂಬ ಪುಕಾರು ಆಗ ಎಲ್ಲೆಡೆ ಇತ್ತು, ಹಾಗಾಗಿ 13:3ರ ಸಾವಿನ ಗಾಯ ಮಾಸಿದ ತಲೆಗೆ ಅವನ ನೆರಳು ಬಿದ್ದಿದೆ ಎಂದು ನಾನು ಹೇಳುತ್ತೇನೆ. ಅದಕ್ಕಿಂತ ಹೆಚ್ಚು ಒತ್ತಿ ಹೇಳಲಾರೆ. ನೀರೋ ಎಂದು ಆಣೆ ಇಟ್ಟು ಹೇಳುವವರಿಗೂ ಐರೇನಿಯಸ್ ಬುದ್ಧಿಮಾತು ಸಲ್ಲುತ್ತದೆ, ನನ್ನನ್ನೂ ಸೇರಿಸಿ.

ಕಾವಲುಗಾರರೇ, ನಿಮ್ಮ ಏಳು ವರ್ಷದ ಏರ್ಪಾಟು ನನಗೆ ಒಪ್ಪಿಗೆಯಾಗುವುದಿಲ್ಲ, ಆದರೆ ಆರಾಧನೆ ಇಲ್ಲದೆ ಗುರುತಿಲ್ಲ ಎಂದಿರಲ್ಲ, ಆ ಒಂದು ಮಾತಿಗೆ ನಿಮಗೆ ಚಹಾ ಕೊಡಿಸಬೇಕು. ಅಂಜೂರದ ಮರದ ಲೆಕ್ಕ ಮಾತ್ರ ಬೇಡ. 1948ಕ್ಕೆ ಒಂದು ತಲೆಮಾರು ಅಂತ 40 ಕೂಡಿಸಿ 1988 ಅಂದವರಿದ್ದರು. ಅದಕ್ಕೂ ಮುಂಚೆ ಅಮೆರಿಕದಲ್ಲಿ ವಿಲಿಯಂ ಮಿಲ್ಲರನ ಲೆಕ್ಕ ನಂಬಿದವರು, ದಾನಿಯೇಲನ 2300 ದಿನಗಳನ್ನು ವರ್ಷ ಎಂದು ಹಿಡಿದು, 1844ರ ಅಕ್ಟೋಬರ್ 22ರ ರಾತ್ರಿಯಿಡೀ ಕ್ರಿಸ್ತನ ಬರೋಣಕ್ಕೆ ಕಾದರು. ಕೆಲವರು ಆ ವರ್ಷ ಹೊಲದ ಬೆಳೆಯನ್ನೇ ಕೊಯ್ಯದೆ ಬಿಟ್ಟಿದ್ದರು. ಅವರ ಮುಂದೆ ಮೂರು ಕೋಳಿ ಎಷ್ಟರದ್ದು!

ನಮ್ಮ ಮಂಗಳೂರಿಗೇ ಹತ್ತಿರದ ಕತೆ ಒಂದಿದೆ. ಜರ್ಮನಿಯ ವ್ಯೂರ್ಟೆಂಬೆರ್ಗ್‌ನಲ್ಲಿ ಬೆಂಗೆಲ್ ಎಂಬ ದೊಡ್ಡ ವಿದ್ವಾಂಸರಿದ್ದರು. 1734ರಲ್ಲಿ ಗ್ರೀಕ್ ಹೊಸ ಒಡಂಬಡಿಕೆಯ ಹಸ್ತಪ್ರತಿಗಳನ್ನು ಹೋಲಿಸಿ ಪಾಠ ಸಿದ್ಧಪಡಿಸಿದವರು, ಒಂದು ಅಕ್ಷರಕ್ಕೂ ಜಗಳವಾಡುವ ಜಾತಿ. ಅಂಥವರೂ ಪ್ರಕಟನೆಯ ಅಂಕಿಗಳನ್ನು ಕೂಡಿಸಿ ಕಳೆದು, ಮೃಗ ಸೋತು ಹೊಸ ಯುಗ ಶುರುವಾಗುವ ದಿನ 1836ರ ಜೂನ್ 18 ಎಂದು ತೀರ್ಮಾನಿಸಿದರು. ಆ ವರ್ಷ ಸುಮ್ಮನೆ ಕಳೆದುಹೋದರೆ ನನ್ನ ಲೆಕ್ಕದ ಬುಡದಲ್ಲೇ ತಪ್ಪಿದೆ ಎಂದು ತಿಳಿಯಿರಿ ಎಂದೂ ಬರೆದಿಟ್ಟರು, ಅದು ದೊಡ್ಡತನ. ಅವರು 1752ರಲ್ಲಿ ತೀರಿಕೊಂಡರು, ಲೆಕ್ಕ ಮಾತ್ರ ಉಳಿಯಿತು. ಅಂತ್ಯಕಾಲದ ಆಶ್ರಯ ಹುಡುಕಿ ಆ ಸೀಮೆಯ ಎಷ್ಟೋ ಕುಟುಂಬಗಳು 1817ರ ಹೊತ್ತಿಗೆ ಮನೆಮಠ ಮಾರಿ ಕಾಕಸಸ್ ಕಡೆಗೆ ಹೊರಟುಹೋದವು. 1836 ಬಂತು, ಹೋಯಿತು. ಬೆಂಗೆಲರ ಆ ನಾಡಿನ ಭಕ್ತಜನರ ಮಕ್ಕಳೇ ಬಾಸೆಲ್ ಮಿಶನ್ನಿಗೆ ಸೇರುತ್ತಿದ್ದದ್ದು. ಅದೇ 1836ರಲ್ಲಿ ವ್ಯೂರ್ಟೆಂಬೆರ್ಗ್‌ನ ಮಿಶನರಿ ಹೆರ್ಮನ್ ಮೋಗ್ಲಿಂಗ್ ಹಡಗಿಳಿದು ಮಂಗಳೂರಿಗೆ ಬಂದರು. ಲೋಕ ಬದಲಾಗಬೇಕಿದ್ದ ವರ್ಷದಲ್ಲಿ ಅವರು ಕನ್ನಡದ ಕಾಗುಣಿತಕ್ಕೆ ಕೂತರು. ಏಳು ವರ್ಷಕ್ಕೆ, 1843ರಲ್ಲಿ, ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಅಚ್ಚಾಯಿತು.

ಝೆರಾಕ್ಸಿನವರೇ, ಅತ್ತೆಗೆ 14:1 ಓದಿಸಿ. ನೀವು ಓದಬೇಡಿ, ಅವರೇ ಓದಲಿ. ಆಮೇಲೆ ಏನಾಯಿತು ಅಂತ ಹೇಳಿ.

ಬೆಟಗೇರಿ ಝೆರಾಕ್ಸ್

ಹೇಳ್ತೀನಿ ಟೀಚರ್. ತಡ ಆಯ್ತು, ಅಂಗಡಿಯಲ್ಲಿ ಸ್ಕಾಲರ್‌ಶಿಪ್ ಅರ್ಜಿಗಳ ಗದ್ದಲ.

ಭಾನುವಾರ ಆರಾಧನೆ ಮುಗಿಸಿ ಅತ್ತಿ ಮನೆಗೆ ಹೋದೆ. ಮೊದಲು ನೀರೋ ಲೆಕ್ಕವನ್ನು ಕಾಗದದ ಮೇಲೆ ಕೂಡಿಸಿ ತೋರಿಸಿದೆ. ನನಗೆ ಅದೇ ಬಹಳ ಹಿಡಿಸಿತ್ತು. ಅವಳು ಪೂರ್ತಿ ಕೇಳಿ, "ಅವಾ ಸತ್ತದ್ದು ಯಾವಾಗ?" ಅಂದಳು. 68ರಲ್ಲಿ ಅಂದೆ. "ಹಂಗಾರ ಸತ್ತವನ ಸುದ್ದಿ ಈಗ್ಯಾಕ ನನ್ನ ಮುಂದ" ಅಂದಳು. ಮುಗೀತು ನೀರೋ ಕತೆ.

ಥುವತೈರದ ನೇಕಾರರ ವಿಷಯ ಹೇಳಿದಾಗ ಮಾತ್ರ ಸೆರಗು ಸರಿಮಾಡಿಕೊಂಡು ಮುಂದೆ ಬಾಗಿ ಕೂತಳು. ಸಂಘದ ಊಟಕ್ಕೆ ಹೋಗದವರ ಮಗ್ಗ ನಿಂತುಹೋಗುತ್ತಿತ್ತೇನೋ ಅಂದೆ. "ಮತ್ತ ಅವರಿಗೆ ನೂಲು ಯಾರು ಕೊಡ್ತಿದ್ರು?" ಅಂತ ಕೇಳಿದಳು. ನನಗೇನು ಗೊತ್ತು? ಟೀಚರ್, ನಿಮಗೆ ಗೊತ್ತಿದ್ದರೆ ಹೇಳಿ, ಎರಡು ಸಲ ಕೇಳಿದಾಳೆ.

ಆಮೇಲೆ ಸತ್ಯವೇದ ಅವಳ ಕೈಗೇ ಕೊಟ್ಟೆ. ಅವಳು ಸಾಲಿನ ಕೆಳಗೆ ಬೆರಳಿಟ್ಟು ತಡೆದು ತಡೆದು ಓದ್ತಾಳೆ. 13ರ ಕೊನೆಯಿಂದ ಶುರು ಮಾಡಿ ನಿಲ್ಲಿಸದೆ 14ಕ್ಕೆ ಬಂದಳು. ಹಣೆಯ ಮೇಲೆ ಹೆಸರು ಅನ್ನೋ ಕಡೆ ಬೆರಳು ನಿಂತಿತು. ಮತ್ತೆ ಅದೇ ಸಾಲು ಓದಿದಳು.

"ಇದನ್ನ ಯಾವಾಗ ಬರೀತಾರ?"

"ಬರೀತಾರ ಅಂತ ಇಲ್ಲ ಅತ್ತಿ. ಆಗ್ಲೇ ಬರದೈತಿ ಅಂತೈತಿ."

ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಅಂಗೈಯಿಂದ ತನ್ನ ಹಣೆ ಒಂದು ಸಲ ಸವರಿಕೊಂಡು, "ಹಂಗಾರ ಅಲ್ಲಿ ಇನ್ನೊಂದಕ್ಕ ಜಾಗಾ ಎಲ್ಲೈತಿ" ಅಂದಳು. ನನಗೆ ಹೇಳಿದ್ದೋ ತನಗೇ ಹೇಳಿಕೊಂಡದ್ದೋ ಗೊತ್ತಾಗಲಿಲ್ಲ. ಸರಿ, ಕೆವೈಸಿಗೆ ಹೋಗೋಣೇನು ಅಂತ ಆತುರಪಟ್ಟು ಕೇಳಿದೆ. "ವಿಚಾರ ಮಾಡ್ತೀನಿ, ನೀ ನಡಿ" ಅಂತ ಕಳಿಸಿದಳು.

ಬುಧವಾರ ತಾನೇ ಅಂಗಡಿಗೆ ಬಂದು "ನಡಿ" ಅಂದಳು. ಅದೇ ಹುಡುಗ ಇದ್ದ. ಅವಳನ್ನು ನೋಡಿದವನೇ ಕಣ್ಣಿನ ಸ್ಕ್ಯಾನರ್ ಎತ್ತಿದ. "ಅದನ್ನ ಕೆಳಗ ಇಡಪಾ" ಅಂದಳು. ಆಮೇಲೆ ಮಶೀನಿನ ಮೇಲೆ ಎಡಗೈ ಇಟ್ಟಳು. ಹುಡುಗ, "ಆಯಿ, ಬಲಗೈ ಹೆಬ್ಬೆಟ್ಟು ಒಮ್ಮೆ ನೋಡೋಣ್ರಿ" ಅಂದ.

"ಬಲಗೈ ಅಂತ ಬರದೈತಿ. ಎಡಗೈ ಅಂತ ಎಲ್ಲೂ ಬರದಿಲ್ಲ. ಇದನ್ನ ತಗೊಳ್ಳೋದಾದ್ರ ತಗೋ."

ಹುಡುಗ ನನ್ನ ಮುಖ ನೋಡಿದ. ನಾನು ಗೋಡೆಗೆ ಅಂಟಿಸಿದ್ದ ದರಪಟ್ಟಿ ಓದ್ತಾ ನಿಂತೆ. ಎಡಗೈ ಹೆಬ್ಬೆಟ್ಟು ಕೆಂಪು, ತೋರುಬೆರಳೂ ಕೆಂಪು. ನಡುಬೆರಳಿಗೆ ಹಸಿರು ಬಂತು.

ಹುಡುಗ ಚೀಟಿ ಹರಿದು ಕೊಟ್ಟ. ಅತ್ತಿ ಅದನ್ನು ಬಲಗೈಯಲ್ಲಿ ಇಸ್ಕೊಂಡಳು.